ಭಾಗೀರಥಿಯ ಮಗಳೂ ಮಣ್ಣು ತಿನ್ನಲಿ

ಸಿಂಗಾಪುರದ ಜುರಾಂಗ್ ಈಸ್ಟ್‌ನ ಈರವ್ವ ದೇವರ ಮುಂದೆ ಕೂತು ಬೇಡಿಕೊಳ್ಳುತ್ತಿದ್ದದ್ದನ್ನು ಕೇಳಿದರೆ ದೇವರಿಗೇ ಗಾಬರಿಯಾಗಬೇಕು. ಬೇರೆ ಹೆಂಗಸರು ಆರೋಗ್ಯ ಕೊಡು, ಆಯುಷ್ಯ ಕೊಡು ಅನ್ನುತ್ತಾರೆ. ಈಕೆ ಊದಿನಕಡ್ಡಿ ಹಚ್ಚಿ, ಕಣ್ಣು ಮುಚ್ಚಿ, "ವೀರಭದ್ರಪ್ಪಾ, ಈ ದೇಶದಾಗ ಹೆಣ್ಣುಮಕ್ಕಳಿಗೂ ಮಿಲಿಟರಿ ಕಡ್ಡಾಯ ಮಾಡಸಪ್ಪಾ. ಎಲ್ಲಾರಿಗೂ ಬ್ಯಾಡಂದ್ರ ಭಾಗೀರಥಿ ಮಗಳಿಗಾದ್ರೂ ಮಾಡಸು. ಆಕಿನೂ ಮಣ್ಣು ತಿನ್ನಲಿ" ಎಂದು ಕೇಳುತ್ತಿದ್ದಳು. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಮಂತ್ರ. ಗಂಡ ಶಿವಯೋಗೀಶ ಒಮ್ಮೆ ಕೇಳಿಸಿಕೊಂಡು ನಕ್ಕ. ಆ ವಾರವಿಡೀ ಅವನ ಸಾರಿಗೆ ಉಪ್ಪು ಬೀಳಲಿಲ್ಲ.

ಈರವ್ವ ಗುಳೇದಗುಡ್ಡದ ಮಗಳು. ಮದುವೆಯಾದ ಹೊಸದರಲ್ಲಿ ಗಂಡನ ಹಿಂದೆ ಸಿಂಗಾಪುರಕ್ಕೆ ಬಂದವಳು. ಶಿವಯೋಗೀಶ ಹಡಗು ಕಟ್ಟುವ ಯಾರ್ಡಿನಲ್ಲಿ ಸೇಫ್ಟಿ ಎಂಜಿನಿಯರ್. ಇವಳು ಮಕ್ಕಳ ಡೇಕೇರ್ ಒಂದರಲ್ಲಿ ಸಹಾಯಕ ಟೀಚರ್. ಅಲ್ಲಿ ಎಂಥಾ ಹಟಮಾರಿ ಕೂಸೂ ಇವಳು ಕಣ್ಣು ಬಿಟ್ಟರೆ ಗಪ್‌ಚಿಪ್ಪಾಗಿ ಚಮಚಕ್ಕೆ ಬಾಯಿ ತೆರೆಯುತ್ತಿತ್ತು. ಅಜ್ಜಿಯ ಹೆಸರು ಇಟ್ಟಿದ್ದರಿಂದ ಈರವ್ವ ಆದವಳನ್ನು ಇಲ್ಲಿನ ಬೆಂಗಳೂರು, ಮೈಸೂರಿನ ಕನ್ನಡದವರೆಲ್ಲ ಸೇರಿ "ಇರಾ" ಮಾಡಿಬಿಟ್ಟಿದ್ದರು. ಹಾಗೆ ಮೊದಲು ಕರೆದವಳೇ ಭಾಗೀರಥಿ.

ಭಾಗೀರಥಿ ಮೈಸೂರಿನವಳು. ಗಂಡ ಅನಂತರಾಮ್ ಐಟಿಯಲ್ಲಿ. ಒಂದು ಕಾಲಕ್ಕೆ ಎರಡೂ ಮನೆ ಒಂದೇ ಬ್ಲಾಕಿನಲ್ಲಿ ಮೇಲೆ ಕೆಳಗೆ ಇದ್ದವು. ಈರವ್ವನ ಒಬ್ಬನೇ ಮಗ ಚೇತನಕುಮಾರ, ಭಾಗೀರಥಿಯ ಒಬ್ಬಳೇ ಮಗಳು ನಿಶ್ಚಿತಾ, ಇಬ್ಬರೂ ಒಂದೇ ಸ್ಕೂಲು, ಒಂದೇ ಕ್ಲಾಸು. ಬ್ಲಾಕಿನ ಕೆಳಗೆ ಕಂಬಗಳ ನಡುವಿನ ಬಯಲು ವಾಯ್ಡ್ ಡೆಕ್‌ನಲ್ಲಿ ಸ್ಕೂಲ್ ಬ್ಯಾಗ್ ಬಿಸಾಕಿ ಬ್ಯಾಡ್ಮಿಂಟನ್ ಆಡುತ್ತಿದ್ದ ಮಕ್ಕಳು ದೊಡ್ಡವರಾಗುತ್ತ ಒಬ್ಬರನ್ನೊಬ್ಬರು ನೋಡಿ ಸುಮ್ಮಸುಮ್ಮನೆ ನಗತೊಡಗಿದಾಗ ಈರವ್ವನಿಗೆ ಎಲ್ಲ ಅರ್ಥವಾಯಿತು. ಜಾತಿಯ ಮಾತು ಬಂದೀತು, ಬಂದರೆ ತಾನು ನೋಡಿಕೊಳ್ಳುತ್ತೇನೆ ಅಂದುಕೊಂಡಳು. ಆ ಹುಡುಗಿ ಅವಳಿಗೆ ಅಷ್ಟು ಇಷ್ಟ.

ಆಮೇಲೆ ಬಂತು ಎನ್ಎಸ್, ನ್ಯಾಷನಲ್ ಸರ್ವಿಸ್. ಇಲ್ಲಿ ಗಂಡುಹುಡುಗರು ಹದಿನೆಂಟು ದಾಟಿದರೆಂದರೆ ಎರಡು ವರ್ಷ ಮಿಲಿಟರಿ ಸೇವೆ ಕಡ್ಡಾಯ. ಪಿಆರ್, ಅಂದರೆ ಖಾಯಂ ವಾಸದ ಪರವಾನಗಿ, ಪಡೆದವರ ಗಂಡುಮಕ್ಕಳಿಗೂ ಬಿಡುಗಡೆಯಿಲ್ಲ. ಹೆಣ್ಣುಮಕ್ಕಳಿಗೆ ಮಾತ್ರ ಇಲ್ಲ. ಕೆಲವರು ಮಗನಿಗೆ ಹತ್ತು ಹನ್ನೊಂದಾಗುವಾಗಲೇ ಗಂಟುಮೂಟೆ ಕಟ್ಟಿ ಇಂಡಿಯಾಕ್ಕೆ ಮರಳುತ್ತಾರೆ. ಶಿವಯೋಗೀಶನೂ ಆ ಮಾತು ಎತ್ತಿದ್ದ. ಈರವ್ವ ಒಪ್ಪಲಿಲ್ಲ. "ಇಲ್ಲಿ ಉಂಡೀವಿ, ಇಲ್ಲೇ ಬೆಳದಾನ. ಎಲ್ಲಾರ ಮಕ್ಕಳು ಮಾಡೂದು ಇವನೂ ಮಾಡ್ಲಿ" ಅಂದಳು. ಆಗ ಅವಳಿಗೆ ಹೆಣ್ಣುಮಕ್ಕಳು ಯಾಕೆ ಮಾಡಬಾರದು ಎಂಬ ಪ್ರಶ್ನೆ ಕನಸಿನಲ್ಲೂ ಬಂದಿರಲಿಲ್ಲ.

ಮಗ ಸೇನೆಗೆ ಹೋಗುವ ಹಿಂದಿನ ದಿನ ಈರವ್ವ ಭಾಗೀರಥಿಯ ಮನೆಯವರನ್ನು ಊಟಕ್ಕೆ ಕರೆದಳು. ಊಟವಾದ ಮೇಲೆ ನಿಶ್ಚಿತಾಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಊರಿನಿಂದ ತರಿಸಿಟ್ಟುಕೊಂಡಿದ್ದ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು ಹಾಕಿ ಅವಳ ಉಡಿ ತುಂಬಿದಳು. ಗುಳೇದಗುಡ್ಡದ ಕಡೆ ಲಗ್ನವಾಗದ ಹುಡುಗಿಗೆ, ಅದೂ ಅವಳ ತಂದೆತಾಯಿಯ ಎದುರಿಗೆ ಗಂಡಿನ ತಾಯಿ ಉಡಿ ತುಂಬಿದಳೆಂದರೆ ಮುಗಿಯಿತು, ಸಂಬಂಧ ಗಟ್ಟಿಯಾದ ಹಾಗೆ. ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಹೇಳಿದರೆ ಅದು ಆ ಉಡಿಗೇ ಅವಮಾನ. ಹುಡುಗಿ ಕಿವಿಯವರೆಗೂ ಕೆಂಪಾಗಿ ತಲೆ ಬಗ್ಗಿಸಿದಳು. ಭಾಗೀರಥಿ ಖಣವನ್ನು ಬೆಳಕಿಗೆ ಹಿಡಿದು, "ಅಯ್ಯೋ, ಎಷ್ಟು ಚೆನ್ನಾಗಿದೆ ಇರಾ ಈ ಬ್ಲೌಸ್ ಪೀಸು! ಬಾರ್ಡರ್ ಸೂಪರ್" ಅಂದಳು. ಈರವ್ವ ಅದನ್ನೂ ಒಪ್ಪಿಗೆಯೆಂದೇ ತಿಳಿದಳು.

ಮುಂದಿನ ಎರಡು ವರ್ಷ ಅವಳ ಪಾಲಿಗೆ ಶುಕ್ರವಾರಗಳಾಗಿ ಹೋದವು. ಶುಕ್ರವಾರ ರಾತ್ರಿ ಮಗ ಕ್ಯಾಂಪಿನಿಂದ ಬರುತ್ತಿದ್ದ. ತಲೆ ಬೋಳು, ಮುಖ ಕಪ್ಪು, ಹೆಗಲ ಮೇಲೆ ಅವನಷ್ಟೇ ತೂಕದ ಚೀಲ. ಚೀಲ ಬಿಚ್ಚಿದರೆ ಮನೆಯೆಲ್ಲ ಬೆವರಿನ ವಾಸನೆ. ಹಸಿರು ಯೂನಿಫಾರ್ಮಿನ ಮೊಣಕಾಲಿಗೆ, ಮೊಣಕೈಗೆ ಹತ್ತಿದ ಕೆಮ್ಮಣ್ಣು ಬಕೆಟ್ಟಿನಲ್ಲಿ ನೆನೆಹಾಕಿ ಮೂರು ಸಲ ನೀರು ಬದಲಿಸಿದರೂ ಬಿಡುತ್ತಿರಲಿಲ್ಲ. "ಕಾಲು ತೋರ್ಸು" ಅಂದರೆ "ಓಕೆ ಲಾ ಅವ್ವಾ, ಏನಿಲ್ಲ" ಅಂದು ಕಾಲ್ಚೀಲ ಹಾಕಿಕೊಂಡೇ ಮಲಗುತ್ತಿದ್ದ. ಮಲಗಿದ ಮೇಲೆ ಅವಳು ಕಾಲ್ಚೀಲ ಎಳೆದು ನೋಡುತ್ತಿದ್ದಳು. ಹಿಮ್ಮಡಿಯ ತುಂಬ ಒಡೆದ ಬೊಕ್ಕೆ. ಅದೇ ದಿನಗಳಲ್ಲಿ ಭಾಗೀರಥಿ ವಾಟ್ಸಾಪಿನಲ್ಲಿ ಫೋಟೋ ಹಾಕುತ್ತಿದ್ದಳು: ನಿಶ್ಚಿತಾ ಯೂನಿವರ್ಸಿಟಿ ಲೈಬ್ರರಿಯಲ್ಲಿ, ನಿಶ್ಚಿತಾ ಕೊರಿಯಾದಲ್ಲಿ ಗೆಳತಿಯರ ಜೊತೆ, ನಿಶ್ಚಿತಾ ಬ್ಯಾಂಕಿನ ಇಂಟರ್ನ್‌ಶಿಪ್ಪಿನಲ್ಲಿ ಕೋಟು ಹಾಕಿಕೊಂಡು. ನಮ್ಮ ಸೊಸೆ ಎಷ್ಟು ಜಾಣಿ ಎಂದು ಈರವ್ವ ಆ ಫೋಟೋಗಳಿಗೆ ಒಂದೊಂದಕ್ಕೂ ಹಾರ್ಟ್ ಒತ್ತುತ್ತಿದ್ದಳು. ಆ ಹಾರ್ಟುಗಳನ್ನು ನೆನೆದರೆ ಆಮೇಲೆ ಅವಳಿಗೆ ತನ್ನ ಬೆರಳನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ಏಕೆಂದರೆ ಕಳೆದ ವರ್ಷದ ನವರಾತ್ರಿಗೆ ಭಾಗೀರಥಿ ತನ್ನ ಹೊಸ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಬೊಂಬೆ ಕೂರಿಸಿ ಎಲ್ಲರನ್ನೂ ಆರತಿಗೆ ಕರೆದಿದ್ದಳು. ಅಲ್ಲಿ ಕಡಲೆಕಾಳು ಉಸಲಿ ಹಂಚುತ್ತ, ಹತ್ತು ಹೆಂಗಸರ ನಡುವೆ, ಸಲೀಸಾಗಿ ಅಂದಳು:

"ನಿಶ್ಚಿತಾಗೆ ಗಂಡು ನೋಡೋಕೆ ಶುರು ಮಾಡಿದೀವಿ. ಡಿಗ್ರಿ ಮುಗೀತು, ಬ್ಯಾಂಕಲ್ಲಿ ಕೆಲ್ಸಾನೂ ಕನ್ಫರ್ಮ್ ಆಯ್ತು. ಮೈಸೂರಿಂದ ಒಂದು ಒಳ್ಳೆ ಜಾತಕ ಬಂದಿದೆ. ನಿಮ್ಮ ಚೇತನ್ ಇನ್ನೂ ಸೆಕೆಂಡ್ ಇಯರ್ ಅಲ್ವಾ ಇರಾ? ಪಾಪ, ಹುಡುಗ್ರಿಗೆ ಎರಡು ವರ್ಷ ಸುಮ್ನೆ ವೇಸ್ಟು. ನಮಗೆ ಹೆಣ್ಣುಮಗು ಆಗಿದ್ದೇ ಪುಣ್ಯ."

ಈರವ್ವನ ಕೈಯಲ್ಲಿದ್ದ ಉಸಲಿಯ ದೊನ್ನೆ ಕೈಯಲ್ಲೇ ಉಳಿಯಿತು. ಉಡಿ ತುಂಬಿಸಿಕೊಂಡ ಹುಡುಗಿಗೆ ಬೇರೆ ಗಂಡು! ಅದೂ ತನ್ನ ಮಗ ಓದಿನಲ್ಲಿ ಹಿಂದೆ ಉಳಿದನೆಂದು! ಅವನು ಹಿಂದೆ ಉಳಿದದ್ದಾದರೂ ಯಾಕೆ? ಇವರ ಮಗಳು ಲೈಬ್ರರಿಯಲ್ಲಿ ತಣ್ಣಗೆ ಕೂತು ಓದಲಿ ಎಂದು ಇವನು ಕಾಡಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡ. ಅವಳ ಮೈಯೆಲ್ಲ ಉರಿದುಹೋಯಿತು. ಆದರೂ ನಕ್ಕು, ಆರತಿ ಹಾಡು ಹಾಡಿ, ತಾಂಬೂಲ ತೆಗೆದುಕೊಂಡು ಮನೆಗೆ ಬಂದಳು. ಬಂದವಳು ಆ ತಾಂಬೂಲವನ್ನು ಎತ್ತಿ ಕಸ ಬಿಸಾಕುವ ರಬ್ಬಿಶ್ ಚೂಟಿಗೆ ಹಾಕಿದಳು.

ಅವತ್ತೇ ಭಾಗೀರಥಿಯನ್ನು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಾನು ಕೊಟ್ಟ ಮಾತನ್ನು ತಾನೇ ನೆನಪಿಸುವುದು ಈರವ್ವನ ಜಾಯಮಾನವಲ್ಲ. ರಾತ್ರಿ ಊಟಕ್ಕೆ ಕೂತ ಮಗನಿಗೆ ಇಷ್ಟೇ ಹೇಳಿದಳು: "ಆ ಹುಡುಗಿ ಹೆಸರು ಈ ಮನ್ಯಾಗ ಇನ್ನ ಬರಬಾರ್ದು." ಚೇತನ ಏನೋ ಹೇಳಲು ಬಾಯಿ ತೆರೆದ. ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅದನ್ನು ಅವಳು ಮಗನ ದುಃಖವೆಂದು ತಿಳಿದಳು, ಇನ್ನಷ್ಟು ಕುದ್ದಳು.

ಅಂದಿನಿಂದ ಶುರುವಾಯಿತು ನೋಡಿ ಈರವ್ವನ ಸೇಡು. ಸಂಕ್ರಾಂತಿಗೆ ಎಲ್ಲರ ಮನೆಗೂ ಹೋಗುವ ಶೇಂಗಾ ಹೋಳಿಗೆ ಭಾಗೀರಥಿಯ ಮನೆಗೆ ಹೋಗಲಿಲ್ಲ. ಚಟ್ನಿಪುಡಿ ನಿಂತಿತು. ಸೆರಂಗೂನ್ ರೋಡಿನ ದಿನಸಿ ಅಂಗಡಿಯಲ್ಲಿ ಎದುರಾದರೆ ಈರವ್ವ ಬದನೆಕಾಯಿಯ ಮೇಲೆ ಕಣ್ಣು ನೆಟ್ಟು ನಿಂತುಬಿಡುತ್ತಿದ್ದಳು. ಇದೆಲ್ಲ ಸಣ್ಣದು. ದೊಡ್ಡದು ಬೇರೆಯೇ ಇತ್ತು. ಹೆಣ್ಣುಮಕ್ಕಳಿಗೂ ಎನ್ಎಸ್ ಬೇಕು ಎಂದು ಯಾರು ಎಲ್ಲಿ ಬರೆದರೂ ಹುಡುಕಿ ಓದತೊಡಗಿದಳು. ಯಾವ ಯಾವ ದೇಶದಲ್ಲಿ ಹುಡುಗಿಯರನ್ನು ಸೇನೆಗೆ ಕರೆಯುತ್ತಾರೆ, ಇಲ್ಲಿ ಹುಟ್ಟುವ ಮಕ್ಕಳು ಎಷ್ಟು ಕಡಿಮೆಯಾಗಿದ್ದಾರೆ, ಎಲ್ಲ ಬಾಯಿಪಾಠ. ರೊಟ್ಟಿ ಬಡಿಯುತ್ತ ನಿಶ್ಚಿತಾಳ ತಲೆಯ ಮೇಲೆ ಹೆಲ್ಮೆಟ್ ಇಟ್ಟು ನೋಡುತ್ತಿದ್ದಳು. ಕೆಸರಿನಲ್ಲಿ ತೆವಳಿಸುತ್ತಿದ್ದಳು. ಆ ರೊಟ್ಟಿಗಳು ಬಹಳ ತೆಳ್ಳಗೆ ಬರುತ್ತಿದ್ದವು.

"ಆ ಹುಡುಗಿ ನಿನಗ ಏನ್ ಮಾಡ್ಯಾಳ?" ಎಂದು ಶಿವಯೋಗೀಶ ಕೇಳಿದರೆ, "ನನಗಲ್ರಿ, ನನ್ನ ಮಗನಿಗೆ. ಅವನ ಎರಡು ವರ್ಷ ತಿಂದಾಳ" ಅನ್ನುತ್ತಿದ್ದಳು.

ಈ ವರ್ಷ ರಾಜ್ಯೋತ್ಸವಕ್ಕೆ ಕನ್ನಡ ಕೂಟದವರು ಕಮ್ಯುನಿಟಿ ಕ್ಲಬ್ಬಿನ ಹಾಲಿನಲ್ಲಿ ಚರ್ಚಾ ಸ್ಪರ್ಧೆ ಇಟ್ಟರು. ವಿಷಯ: ಹೆಣ್ಣುಮಕ್ಕಳಿಗೂ ಎನ್ಎಸ್ ಕಡ್ಡಾಯವಾಗಬೇಕೆ? ಗ್ರೂಪಿನಲ್ಲಿ ಬಂದ ಮೆಸೇಜು ನೋಡಿ ಈರವ್ವ ಕುರ್ಚಿಯಿಂದ ಎದ್ದೇ ಬಿಟ್ಟಳು. ವಿರೋಧವಾಗಿ ಮಾತಾಡುವವರು, ನಿಶ್ಚಿತಾ ಅನಂತರಾಮ್. ವೀರಭದ್ರಪ್ಪ ಕಾನೂನು ಮಾಡಿಸದಿದ್ದರೂ ಮೈಕನ್ನಂತೂ ಕೊಟ್ಟ. ಜನ್ಮದಲ್ಲಿ ವೇದಿಕೆ ಹತ್ತದವಳು ಪರವಾಗಿ ಹೆಸರು ಕೊಟ್ಟಳು.

ಹಾಲು ತುಂಬಿತ್ತು. ಚೇತನ ಹಿಂದೆ ಸೌಂಡ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದ. ಕೂಟದ ಕಾರ್ಯದರ್ಶಿ ದಿವಾಕರ ಗಂಟೆ ಹಿಡಿದು ಕೂತಿದ್ದ. ಮೊದಲು ನಿಶ್ಚಿತಾ ಮಾತಾಡಿದಳು. ಮೆಲ್ಲಗೆ, ಸ್ಪಷ್ಟವಾಗಿ.

"ಹುಡುಗ್ರಿಗೆ ಎರಡು ವರ್ಷ ಕಷ್ಟ ಆಗತ್ತೆ, ನಿಜ. ನಾನು ಹತ್ರದಿಂದ ನೋಡಿದೀನಿ. ಆದ್ರೆ ಅರ್ಧ ಜನಕ್ಕೆ ಭಾರ ಆಗಿದೆ ಅಂತ ಅದನ್ನ ಇನ್ನರ್ಧ ಜನಕ್ಕೂ ಹೊರಿಸಿದ್ರೆ ಯಾರ ಭಾರಾನೂ ಕಮ್ಮಿ ಆಗಲ್ಲ. ಹೆಣ್ಣುಮಕ್ಕಳು ಮಕ್ಕಳನ್ನ ಹೆರ್ತಾರೆ, ಮನೇಲಿ ವಯಸ್ಸಾದೋರನ್ನ ನೋಡ್ಕೊಳ್ತಾರೆ, ಅದಕ್ಕೋಸ್ಕರ ಕೆಲ್ಸ ಬಿಡ್ತಾರೆ. ಅದಕ್ಕೆ ಯಾರೂ ಪರೇಡ್ ಮಾಡ್ಸಲ್ಲ. ಸೇನೆಗೆ ಸೇರ್ಬೇಕು ಅನ್ನೋ ಹುಡುಗೀರು ಈಗ್ಲೂ ಸೇರ್ಬಹುದು. ಕಡ್ಡಾಯ ಯಾಕೆ?"

ಚಪ್ಪಾಳೆ ಬಿತ್ತು. ಹತ್ತಿರದಿಂದ ನೋಡಿದಳಂತೆ, ಬಾಯಿ ನೋಡು ಇವಳದು, ಎಂದುಕೊಂಡು ಈರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈಕಿನ ಮುಂದೆ ನಿಂತಳು. ಮೊದಲು ನಾಲ್ಕು ಮಾತು ಬೆಂಗಳೂರು ಕನ್ನಡದಲ್ಲೇ ಬಂದವು. "ಹುಟ್ಟೋ ಮಕ್ಕಳು ಕಮ್ಮಿ ಆಗ್ತಿದ್ದಾರೆ, ಬರೀ ಗಂಡುಹುಡುಗರಿಂದ ದೇಶ ಕಾಯೋಕೆ ಆಗಲ್ಲ. ಈಗಿನ ಸೇನೇಲಿ ಎಲ್ಲಾ ಕೆಲಸಕ್ಕೂ ತೋಳಬಲ ಬೇಕಾಗಿಲ್ಲ, ಕಂಪ್ಯೂಟರ್ ಇದೆ, ನರ್ಸಿಂಗ್ ಇದೆ. ಓದಿನಲ್ಲಿ ಸಮ, ಸಂಬಳದಲ್ಲಿ ಸಮ ಬೇಕು ಅಂದ್ಮೇಲೆ ಇದ್ರಲ್ಲೂ ಸಮ ಇರಲಿ." ಒಳ್ಳೆಯ ಮಾತುಗಳೇ. ಗಂಡುಮಕ್ಕಳ ಅಪ್ಪ ಅಮ್ಮಂದಿರು ತಲೆಯಾಡಿಸಿದರು. ಅಲ್ಲಿಗೇ ಇಳಿದಿದ್ದರೆ ಚೆನ್ನಾಗಿತ್ತು. ಆದರೆ ಮೊದಲ ಸಾಲಿನಲ್ಲಿ ಭಾಗೀರಥಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಏನಿತ್ತೋ ಆ ನಗುವಿನಲ್ಲಿ, ಈರವ್ವನ ನಾಲಿಗೆ ಸೀದಾ ಗುಳೇದಗುಡ್ಡಕ್ಕೆ ಹೊರಳಿತು.

"ಎರಡು ವರ್ಷ ವೇಸ್ಟು ಅಂತಾರ್ರಿ. ವೇಸ್ಟ್ ಆಗಿಲ್ಲ. ಆ ಎರಡು ವರ್ಷ ಯಾರ ಪಾಲಿಗೆ ಹೋದ್ವು ಹೇಳ್ತೀನಿ ಕೇಳ್ರಿ. ನನ್ನ ಮಗ ಹೊರಗ ಕಾವಲು ನಿಂತ. ಒಳಗ ಕುಂತು ಓದಿದಾಕಿ ಮುಂದ ಹೋದಳು. ಮುಂದ ಹೋಗಿ ತಿರುಗಿ ನೋಡಿ, ಇವ ಹಿಂದ ಉಳದಾನ, ನನಗ ಬ್ಯಾಡ ಅಂದಳು. ನನ್ನ ಕೈಲೆ ಉಡಿ ತುಂಬಿಸ್ಕೊಂಡಾಕಿ! ಇದಕ್ಕ ನಮ್ಮೂರಾಗ ಕಳ್ಳತನ ಅಂತಾರ. ಆ ಕಳ್ಳಿ ಎಲ್ಲೋ ಇಲ್ಲ, ಇಲ್ಲೇ ಕುಂತಾಳ. ಈಗ ತಾನೇ ನಿಮ್ಮ ಕಡೆಯಿಂದ ಚಪ್ಪಾಳಿ ಹೊಡಿಸ್ಕೊಂಡಳಲ್ಲ, ನಿಶ್ಚಿತಾ, ಆಕಿನ. ಇಂಥವರನ್ನ ಎರಡು ವರ್ಷ ಕೆಸರಿನಾಗ ಹೊರಳಾಡಿಸಿದ್ರ..."

ಮೈಕು ಸತ್ತಿತು. ಈರವ್ವ ಇನ್ನೂ ಏನೇನೋ ಹೇಳುತ್ತಲೇ ಇದ್ದಳು, ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ನೋಡಿದರೆ ಸೌಂಡ್ ಸಿಸ್ಟಮ್ಮಿನ ಮುಂದೆ ಚೇತನ ಎದ್ದು ನಿಂತಿದ್ದ, ಕೈ ಇನ್ನೂ ಸ್ವಿಚ್ಚಿನ ಮೇಲಿತ್ತು. ನಿಶ್ಚಿತಾ ಬ್ಯಾಗು ತೆಗೆದುಕೊಂಡು ಹಾಲಿನಿಂದ ಹೊರಗೆ ನಡೆದಳು. ಚೇತನ ಅವಳ ಹಿಂದೆ ಹೋದ. ಈರವ್ವನ ಎದೆ ತಣ್ಣಗಾಯಿತು. ಒಂದು ವರ್ಷದ ಉರಿ ಇಳಿದು ಹಿತವಾಯಿತು. ಸುಳ್ಳು ಯಾಕೆ ಹೇಳಬೇಕು, ಅಂಥ ಸುಖ ಅವಳಿಗೆ ಮಗ ಹುಟ್ಟಿದಾಗ ಬಿಟ್ಟರೆ ಮತ್ತೆ ಸಿಕ್ಕಿರಲಿಲ್ಲ.

ಆ ಸುಖ ವೇದಿಕೆಯ ಮೆಟ್ಟಿಲು ಇಳಿಯುವಷ್ಟು ಹೊತ್ತು ಬಾಳಿತು. ಕೆಳಗೆ ಭಾಗೀರಥಿ ನಿಂತಿದ್ದಳು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು.

"ಉಡಿ ಅಂದ್ರಲ್ಲ ಇರಾ, ಯಾವ ಉಡಿ? ಚೇತನ್ ಹೊರಡೋ ಹಿಂದಿನ ದಿನ ಬ್ಲೌಸ್ ಪೀಸು, ತೆಂಗಿನಕಾಯಿ ಕೊಟ್ರಲ್ಲ, ಅದಾ? ನಮ್ಮ ಕಡೆ ಮನೆಗೆ ಬಂದ ಯಾವ ಹೆಣ್ಣುಮಗುಗಾದ್ರೂ ಕೊಡ್ತೀವಿ. ಅದಕ್ಕೆ ಬೇರೆ ಅರ್ಥ ಇದೆ ಅಂತ ನೀವು ಒಂದು ಮಾತು ಹೇಳ್ಬಾರ್ದಿತ್ತಾ?"

ಈರವ್ವ ಅವಳನ್ನು ದಾಟಿ ಮಗನನ್ನು ಹುಡುಕುತ್ತ ಹೊರಗೆ ಬಂದಳು. ಲಿಫ್ಟಿನ ಪಕ್ಕದ ಬೆಂಚಿನ ಬಳಿ ಮಕ್ಕಳಿಬ್ಬರೂ ನಿಂತಿದ್ದರು. ಚೇತನ ಹುಡುಗಿಯ ಕೈ ಹಿಡಿದಿದ್ದ. ಅದು ಇವತ್ತು ಹಿಡಿದ ಕೈಯಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

"ಆಂಟಿ," ಅಂದಳು ನಿಶ್ಚಿತಾ. ಅತ್ತು ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ. "ಅಮ್ಮಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಉಡಿ ತುಂಬಿದ್ರೆ ಏನರ್ಥ ಅಂತ ಚೇತನ್ ಅವತ್ತೇ ಹೇಳಿದ್ದ. ಅದಕ್ಕೇ ಕಾದೆ. ಅವನು ಕ್ಯಾಂಪಲ್ಲಿದ್ದ ಎರಡು ವರ್ಷ ಕಾದೆ, ಆಮೇಲೂ ಕಾದೆ. ಅಮ್ಮ ತಂದ ಜಾತಕ ಎಲ್ಲಾ ನಾನೇ ಬೇಡ ಅಂದೆ. ನೀವು ಮನೇಲಿ ನನ್ನ ಹೆಸರೇ ಎತ್ತಬಾರ್ದು ಅಂದ್ರಂತೆ. ಯಾಕೆ ಅಂತ ನಮ್ಮಿಬ್ರಿಗೂ ತಿಳೀಲಿಲ್ಲ. ಮೇ ತಿಂಗಳು ಅವನ ಓದು ಮುಗಿದ ಮೇಲೆ ಎರಡೂ ಮನೇಲಿ ಹೇಳೋಣ ಅಂತ ಇದ್ವಿ."

ಈರವ್ವ ಮಗನ ಮುಖ ನೋಡಿದಳು. ಅವನು ತಲೆ ತಗ್ಗಿಸಲಿಲ್ಲ.

"ನಂಗ ಹೇಳಬಾರ್ದೇನೋ?" ಅಂದಳು.

"ಹೇಳಾಕ ಬಿಟ್ಟೆ ಏನವ್ವಾ ನೀ?"

ತಪ್ಪಾಯಿತು ಎನ್ನಲು ಈರವ್ವ ಬಾಯಿ ತೆರೆದಳು. ಆ ಮಾತಿನ ಅಭ್ಯಾಸವಿರದ ನಾಲಿಗೆ ತಡವರಿಸಿತು. ನಿಶ್ಚಿತಾ ಕೈಯೆತ್ತಿ ತಡೆದಳು.

"ಬೇಡ ಆಂಟಿ, ಸಾರಿ ಎಲ್ಲ ಬೇಡ. ನೀವು ಎಲ್ಲರ ಮುಂದೆ ನನ್ನ ಕಳ್ಳಿ ಅಂದ್ರಿ. ಹೆಣ್ಣುಮಕ್ಕಳೂ ಎರಡು ವರ್ಷ ಕೊಡ್ಲೇಬೇಕು ಅಂದ್ರಿ. ಸರಿ. ಹಾಗಾದ್ರೆ ಫಸ್ಟ್ ನೀವು ಕೊಡಿ. ನೀವೂ ಹೆಣ್ಣೇ ಅಲ್ವಾ? ಮೇ ತಿಂಗಳು ನಾವು ರಿಜಿಸ್ಟರ್ ಮದುವೆ ಮಾಡ್ಕೊಳ್ತೀವಿ. ಅವತ್ತು ನೀವು ಬರ್ಬೇಡಿ. ಅಲ್ಲಿಂದ ಎರಡು ವರ್ಷ ನಾವು ನಿಮ್ಮ ಮನೆಗೆ ಬರಲ್ಲ. ಫೋನ್ ಇಲ್ಲ, ಹಬ್ಬ ಇಲ್ಲ. ಎರಡು ವರ್ಷ ಆದ್ಮೇಲೆ ನಾನೇ ಇವನನ್ನ ಕರ್ಕೊಂಡು ಬರ್ತೀನಿ, ಮಾತು ತಪ್ಪಲ್ಲ."

ಇದೇನು ಹುಡುಗಾಟ, ಬೇಡ ಅನ್ನು ಅವಳಿಗೆ, ಎಂದು ಈರವ್ವ ಮಗನ ಕಡೆ ನೋಡಿದಳು. ಅವನು ಲಿಫ್ಟಿನ ಗುಂಡಿ ಒತ್ತಿದ.

"ಆಕಿ ಹೇಳಿದಂಗ ಆಗ್ಲಿ ಅವ್ವಾ" ಅಂದ. ಲಿಫ್ಟು ಬಂತು. ಇಬ್ಬರೂ ಹೋದರು.

ಈರವ್ವ ಬೆಂಚಿನ ಮೇಲೆ ಕೂತಳು. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ ಮಾಡಿಕೊಳ್ಳುವುದು? ಅವಮಾನ ನುಂಗದೆ, ಅಳುತ್ತ ಓಡದೆ, ನಿಂತ ಕಾಲಲ್ಲಿ ತಿರುಗಿಸಿ ಕೊಟ್ಟಿದ್ದಳು ಹುಡುಗಿ. ಹೀಗೆ ತೀರಿಸಿಕೊಳ್ಳುವವಳು ಇಡೀ ಸಿಂಗಾಪುರದಲ್ಲಿ ತಾನೊಬ್ಬಳೇ ಎಂದು ಈರವ್ವ ತಿಳಿದಿದ್ದಳು. ಅಳು ಬಂತು. ಅಳುವಿನ ನಡುವೆಯೇ, ನನಗೆ ತಕ್ಕ ಸೊಸೆ ಎಂಬ ಹಾಳು ಹೆಮ್ಮೆಯೂ ಬಂತು. ಅದು ಬಂದದ್ದಕ್ಕೆ ಇನ್ನಷ್ಟು ಅತ್ತಳು.

ಹಾಲಿನ ಬಾಗಿಲು ತೆರೆದು ಶಿವಯೋಗೀಶ ಹೊರಗೆ ಬಂದ. ಒಳಗೆ ದಿವಾಕರ ಮತ್ತೆ ಜೀವ ಬಂದ ಮೈಕಿನಲ್ಲಿ ಯಾರನ್ನೋ ಕರೆಯುತ್ತಿದ್ದ.

"ಇಲ್ಲಿ ಕುಂತೀಯೇನು? ಬಾ, ನಿನ್ನ ಹೆಸರು ಕರೀಲಿಕತ್ತಾರ. ಜನ ಕೈ ಎತ್ತಿ ಆರಿಸ್ಯಾರ, ಗಂಡುಮಕ್ಕಳ ತಂದಿತಾಯಿಗೋಳು ಎಲ್ಲಾರೂ ನಿನಗ ಎತ್ತಿದ್ರು. ಫಸ್ಟ್ ಪ್ರೈಜ್ ನಿಂದ" ಅಂದ. ಹತ್ತಿರ ಬಂದು ನೋಡಿದರೆ ಅವಳ ಮುಖವೆಲ್ಲ ಒದ್ದೆ.

ಈರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎರಡು ವರ್ಷಕ್ಕ ಎಷ್ಟು ಹಬ್ಬ ಬರ್ತಾವ್ರಿ?" ಎಂದು ಕೇಳಿದಳು.

ಶಿವಯೋಗೀಶನಿಗೆ ಏನೂ ಅರ್ಥವಾಗಲಿಲ್ಲ. ಅವಳ ಪಕ್ಕದಲ್ಲಿ ಕೂತು, ಯುಗಾದಿಯಿಂದ ಶುರುಮಾಡಿ, ಬೆರಳು ಮಡಚಿ ಎಣಿಸತೊಡಗಿದ.